ಕೀಲಿಮಣೆ, ಕೀಲಿಕೈ

ಪುಸ್ತಕದ ಬಗ್ಗೆ ಬರೆಯಿರಿ ಎಂದರೆ ಬರೆದೇನು, ನಾಟಕ ನೋಡಿ ಬಂದು ಎರಡು ಮಾತು ಹೇಳಿ ಎಂದರೂ ಹೇಳಿಯೇನು. ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವುದು ಅವೆರಡೂ ಅಲ್ಲ, ಬರೀ ಮಾತು. ಒಂದು ಹಳೆಯ ಕಂಪ್ಯೂಟರನ್ನು ಮನೆಯಲ್ಲಿಟ್ಟುಕೊಂಡ ಹವ್ಯಾಸಿಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು. ಬಿ.ಎ., ಬಿ.ಎಡ್. ಮಾಡಿಕೊಂಡು ಮೂವತ್ತೆರಡು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಮತ್ತು ಸಮಾಜ ಹೇಳಿಕೊಡುತ್ತಿರುವ ಅಕ್ಕೋರಿಗೆ ಇದರ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಆ ಕಾರಣ ನನಗೇನೂ ಹೆಮ್ಮೆ ತರುವಂಥದ್ದಲ್ಲ, ಆದ್ದರಿಂದ ಸ್ವಲ್ಪ ನಿಧಾನಕ್ಕೆ ಬರುತ್ತೇನೆ.

2024ರ ಬೇಸಿಗೆ ರಜೆಯಲ್ಲಿ ಅಕ್ಕನ ಮಗನ ಮನೆಗೆಂದು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು. ನಾನೋ, ಸುಮ್ಮನೆ ಕೂರಲಾರದೆ ಮನೆ ಗುಡಿಸಲೆಂದು ಮಹಡಿ ಹತ್ತಿದೆ. ಅಲ್ಲಿ ಮೇಜಿನ ಮೇಲೆ ಕೆನೆಬಣ್ಣದ ಅಗಲವಾದ ಒಂದು ಯಂತ್ರ. ಕೀಲಿಮಣೆಯ ತಲೆಯ ಮೇಲೆ ಸಾಲಾಗಿ ಹತ್ತು ಕೆಂಪು ಗುಂಡಿ. ಪಕ್ಕದಲ್ಲಿ ಚುಕ್ಕಿಗಳಲ್ಲೇ ಬಿಡಿಸಿದ ಗೂಬೆಯ ಚಿತ್ರ. ನನ್ನ ಕೈಯ ಪೊರಕೆ ಕೈಯಲ್ಲೇ ಉಳಿಯಿತು. ಸಂಜೆ ಅವನು ಬಂದ ಕೂಡಲೇ ‘ಇದು ನಮ್ಮ ಶಾಲೆಯಲ್ಲಿತ್ತು ಮಾರಾಯ’ ಎಂದೆ. ‘ನಿಂಗೆ ಎಲ್ಲೋ ತಪ್ಪಾಗಿದೆ ಚಿಕ್ಕಿ, ಇದು ಈ ಊರಲ್ಲಿ ಹುಟ್ಟಿದ್ದು’ ಎಂದು ನಕ್ಕ.

ಇಬ್ಬರ ಮಾತೂ ಸರಿಯಾಗಿತ್ತು. ಅದರ ಹೆಸರು ಬಿಬಿಸಿ ಮೈಕ್ರೋ. ಕಂಪ್ಯೂಟರ್ ಎಂದರೇನೆಂದು ಜನಸಾಮಾನ್ಯರಿಗೆ ಟೀವಿಯ ಮೂಲಕ ಕಲಿಸಬೇಕೆಂದು ಬಿಬಿಸಿಯವರು ಹೊರಟಾಗ, ಪಾಠಕ್ಕೆ ತಕ್ಕ ಯಂತ್ರವೊಂದು ಬೇಕಾಯಿತು. ಕೇಂಬ್ರಿಜ್‌ನ ಅಕಾರ್ನ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿಕೊಟ್ಟಿತು. ಸ್ಟೀವ್ ಫರ್ಬರ್ ಮತ್ತು ಸೋಫಿ ವಿಲ್ಸನ್ ಅದರ ವಿನ್ಯಾಸದ ಮುಖ್ಯರು. ಅದರೊಳಗಿನ ಬೇಸಿಕ್ ಭಾಷೆಯನ್ನು ಬರೆದದ್ದು ಸೋಫಿ ವಿಲ್ಸನ್. 1981ರ ಡಿಸೆಂಬರಿನಲ್ಲಿ ಅದು ಹೊರಬಂತು, 1982ರ ಜನವರಿಯಲ್ಲಿ ಟೀವಿ ಪಾಠ ಶುರುವಾಯಿತು. ಹನ್ನೆರಡು ಸಾವಿರ ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದರಂತೆ, ಕೊನೆಗೆ ಮಾರಿದ್ದು ಸುಮಾರು ಹದಿನೈದು ಲಕ್ಷ. ಶಾಲೆಗಳು ಕೊಂಡರೆ ಅರ್ಧ ಬೆಲೆ ಸರಕಾರದ್ದು. ಇನ್ನು ನಮ್ಮ ಕಡೆಯ ಕತೆ: 1984ರಲ್ಲಿ ಭಾರತ ಸರಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿಕೊಂಡದ್ದೂ ಇದನ್ನೇ. ಮೊದಲ ಕಂತಿನಲ್ಲಿ ದೇಶದ ಇನ್ನೂರೈವತ್ತು ಶಾಲೆಗಳ ಮಾತಿತ್ತು. ಮುಂದೆ ಪಂಜಾಬಿನ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನೇ ‘ಯೂನಿಕಾರ್ನ್’ ಎಂಬ ಹೆಸರಲ್ಲಿ ತಯಾರಿಸಿತು.

ಅಕ್ಕನ ಮಗನ ಕಪಾಟಿನಲ್ಲಿ ಈ ಯಂತ್ರದವರ ಹಳೆಯ ಪತ್ರಿಕೆಗಳ ರಾಶಿಯೇ ಇತ್ತು. 1982ರಿಂದ 1994ರವರೆಗೆ ಬಂದ ‘ಬೀಬಗ್’, ಅದೇ ವರ್ಷ ಹುಟ್ಟಿದ ‘ಅಕಾರ್ನ್ ಯೂಸರ್’. ಮಳೆ ಹಿಡಿದ ಒಂದು ವಾರ ಅವನ್ನು ಓದುತ್ತ ಕಳೆದೆ. ಪ್ರೋಗ್ರಾಮಿನ ಪುಟ ಬಂದಾಗ ಹಾರಿಸುತ್ತಿದ್ದೆ, ಓದುಗರ ಪತ್ರಗಳನ್ನು ಮಾತ್ರ ಬಿಡಲಿಲ್ಲ. ಆಮೇಲೆ ಒಂದು ಶನಿವಾರ ಅವನು ತನ್ನ ಗೆಳೆಯರು ಸೇರುವ ಸಭಾಭವನಕ್ಕೂ ಕರೆದುಕೊಂಡು ಹೋದ. ಮದುವೆಯೂಟಕ್ಕೆ ಹಾಕಿದ ಹಾಗೆ ಉದ್ದುದ್ದ ಮೇಜುಗಳು, ಮೇಜಿಗೊಂದೆರಡು ಹಳೆಯ ಯಂತ್ರ, ಕೆಲವು ಹೊಟ್ಟೆ ಬಿಚ್ಚಿ ಮಲಗಿದ್ದವು. ಐವತ್ತು ಅರವತ್ತರ ಪ್ರಾಯದ ಗಂಡಸರು ಕನ್ನಡಕ ಹಣೆಗೇರಿಸಿಕೊಂಡು ಬಗ್ಗಿದ್ದರು. ಚಹಾ ಇತ್ತು, ಸಕ್ಕರೆ ಬೇರೆ ಇತ್ತು. ನನ್ನ ಇಂಗ್ಲಿಷು ಪಾಠದ ಇಂಗ್ಲಿಷು. ಮೊದಲ ಅರ್ಧ ಗಂಟೆ ಅವರ ಮಾತು ಕಿವಿಗೆ ಹತ್ತಲಿಲ್ಲ, ಆಮೇಲೆ ಹತ್ತಿತು.

ಆ ಪತ್ರಗಳಲ್ಲೂ ಈ ಸಭೆಯಲ್ಲೂ ಮಾತಿನ ಒಂದು ನಡೆ ಇದೆ. ಅದನ್ನು ಮೆಚ್ಚದೆ ಇರಲು ನನ್ನಿಂದ ಆಗಲಿಲ್ಲ. ಒಬ್ಬ ತನ್ನ ಕಷ್ಟ ಹೇಳುತ್ತಾನೆ. ಕಷ್ಟ ಎಂದರೆ ‘ಕೆಟ್ಟುಹೋಗಿದೆ’ ಎನ್ನುವ ಒಂದೇ ಮಾತಲ್ಲ. ಸ್ವಿಚ್ಚು ಹಾಕಿದೆ, ಇಂಥ ದೀಪ ಹೊತ್ತಿತು, ಇಂಥದ್ದು ಹೊತ್ತಲಿಲ್ಲ, ಹೀಗೊಂದು ಸದ್ದು ಬಂತು ಎಂದು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಬೇಕು. ಕೇಳುವವರು ಕೂಡಲೇ ಮದ್ದು ಹೇಳುವುದಿಲ್ಲ, ಮತ್ತೆರಡು ಪ್ರಶ್ನೆ ಹಾಕುತ್ತಾರೆ. ಈ ಯಂತ್ರಕ್ಕೆ ಜೀವ ಬಂದಾಗ ಎರಡು ಸ್ವರ ಕೇಳುತ್ತದೆ, ಮೊದಲು ದಪ್ಪಗೆ, ಕೂಡಲೇ ಸಣ್ಣಗೆ. ದಪ್ಪ ಸ್ವರವೇ ನಿಲ್ಲದೆ ಎಳೆಯುತ್ತಿದ್ದರೆ ಯಂತ್ರ ತನ್ನ ಮೊದಲ ಪಾಠವನ್ನೇ ಓದಿಕೊಳ್ಳಲಾರದೆ ನಿಂತಿದೆ ಎಂದರ್ಥ. ಮೇಜಿನಾಚೆ ಇದ್ದವರು ತಲೆ ಎತ್ತದೆಯೇ ಸ್ವರ ಕೇಳಿ ರೋಗ ಹೇಳುವುದನ್ನು ನೋಡಿದಾಗ, ಕೈಹಿಡಿದು ನಾಡಿ ನೋಡುತ್ತಿದ್ದ ನಮ್ಮೂರ ಪಂಡಿತರು ನೆನಪಾದರು. ಪಂಡಿತರು ಮಾತ್ರ ಬೇರು ಯಾವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ಇವರು ಬೇರು, ಎಲೆ, ಸಿಗುವ ಅಂಗಡಿ ಎಲ್ಲವನ್ನೂ ಹೇಳುತ್ತಾರೆ.

ಇನ್ನೊಂದು. ಅಲ್ಲಿ ‘ಗೊತ್ತಿಲ್ಲ’ ಎನ್ನಲು ಯಾರಿಗೂ ನಾಚಿಕೆಯಿಲ್ಲ. ಎಪ್ಪತ್ತು ದಾಟಿದ ಒಬ್ಬರು ಬೆಸುಗೆ ಹಾಕುವುದನ್ನು ಮೊದಲ ಸಲ ಕಲಿಯುತ್ತಿದ್ದರು. ಕಲಿಸುತ್ತಿದ್ದವನಿಗೆ ಮೂವತ್ತೂ ಇರಲಿಕ್ಕಿಲ್ಲ. ‘ಅಷ್ಟೂ ಗೊತ್ತಿಲ್ಲವೇ’ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರೆ ನಮಗೇ ಬೇಸರವಾದೀತು.

ಅವರ ಜಗಳಗಳೂ ಮಜವಾಗಿವೆ. ಹಳೆಯ ಪ್ಲಾಸ್ಟಿಕ್ಕು ಹಳದಿಗಟ್ಟುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟರೆ ಮತ್ತೆ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗೆ ಮಾಡುವುದು ಸರಿಯೋ, ವಯಸ್ಸನ್ನು ಇದ್ದಂತೆ ಬಿಡುವುದು ಸರಿಯೋ? ಇದರ ಮೇಲೆ ಎರಡು ಪಂಗಡ. ಹಬ್ಬದ ಮುಂಚಿನ ದಿನ ತಾಮ್ರದ ಕೊಡಕ್ಕೆ ಹುಣಸೆಹುಳಿ ಹಾಕಿ ತಿಕ್ಕಿ ಬೆಳೆದವಳು ನಾನು, ಆದರೂ ನನ್ನ ಮತ ಹಾಗೇ ಬಿಡುವವರ ಕಡೆಗೆ. ಕೊಡವನ್ನು ಬೆಳಗುವುದು ನಾಳೆ ಅದರಲ್ಲಿ ನೀರು ತುಂಬಲಿಕ್ಕೆ. ಇವರಲ್ಲಿ ಕೆಲವರು ಬೆಳಗುವುದು ಕಪಾಟಿನಲ್ಲಿಟ್ಟು ನೋಡಲಿಕ್ಕೆ. ಅಂಥವರು ಮಾತು ಶುರುಮಾಡಿದರೆ ಅದು ಬೆಲೆಯ ಕಡೆಗೆ ಜಾರುತ್ತದೆ, ಅಪರೂಪದ ಮಾದರಿ ಯಾವುದು, ಯಾರ ಹತ್ತಿರ ಎಷ್ಟಿದೆ ಎಂದು. ಮದುವೆ ಮನೆಯಲ್ಲಿ ಒಡವೆಯ ಮಾತು ಇದ್ದ ಹಾಗೆ. ನಾನು ಎದ್ದು ಚಹಾ ತರಲು ಹೋದೆ.

ಈಗ ನಮ್ಮ ಶಾಲೆಯ ಕತೆ. 1993ರಲ್ಲಿ ನಾನು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಶಾಲೆಗೆ ಹೊಸದಾಗಿ ಸೇರಿದಾಗ ಕಂಪ್ಯೂಟರ್ ಕೋಣೆ ಎಂಬುದೊಂದಿತ್ತು. ಯಂತ್ರ ಬಂದ ಕಾಲಕ್ಕೆ ತರಬೇತಿ ಪಡೆದಿದ್ದ ಇಬ್ಬರು ಮಾಸ್ತರರೂ ವರ್ಗವಾಗಿ ಹೋಗಿದ್ದರು. ಹೊಸ ಅಕ್ಕೋರು ಜೋಪಾನದವರು ಎಂದು ಹೆಡ್‌ಮಾಸ್ತರರು ಆ ಕೋಣೆಯ ಕೀಲಿಕೈಯನ್ನು ನನಗೆ ಕೊಟ್ಟರು. ಜೋಪಾನ ಮಾಡಿದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಯಂತ್ರಕ್ಕೆ ಹೂವಿನ ಕಸೂತಿಯ ಮುಸುಕು ನಾನೇ ಹೊಲಿದೆ. ವರ್ಷಕ್ಕೊಮ್ಮೆ ಶಾರದಾ ಪೂಜೆಗೆ ಮುಸುಕು ತೆಗೆದು ಕುಂಕುಮ ಹಚ್ಚಿ ಗೊಂಡೆ ಹೂವಿಟ್ಟು ಮಂಗಳಾರತಿ ಮಾಡಿ ಮತ್ತೆ ಮುಚ್ಚುತ್ತಿದ್ದೆವು. ಸ್ವಿಚ್ಚು ಹಾಕುತ್ತಿರಲಿಲ್ಲ.

ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಪೂಜೆಗೆ ಹೂ ತಂದುಕೊಡುವ ನೆವದಲ್ಲಿ ಒಳಗೆ ಬಂದವಳು ಆ ಕೆಂಪು ಗುಂಡಿಗಳನ್ನೇ ನೋಡುತ್ತ ನಿಂತಳು. ‘ಇವು ಯಾಕೆ ಕೆಂಪು ಅಕ್ಕೋರೆ?’ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲಿಲ್ಲ. ‘ಒಂದ್ಸಲ ಒತ್ಲಾ?’ ಎಂದಳು. ‘ಹಾಳಾದ್ರೆ ನಿನ್ನಪ್ಪ ಕಟ್ಟಿಕೊಡ್ತ್ನನೇ?’ ಎಂದೆ. ಅವಳಪ್ಪ ಅಡಿಕೆ ಕೊನೆ ಕೊಯ್ಯುವ ಕೂಲಿಯವನು. ಅವಳು ಮತ್ತೆ ಕೇಳಲಿಲ್ಲ. ಮರುವರ್ಷ ಹತ್ತನೆಯ ಇಯತ್ತೆಗೆ ಬರಲೂ ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು, ಆದರೆ ನನ್ನ ತಲೆಯಲ್ಲಿ ಎರಡೂ ಒಟ್ಟಿಗೇ ಕೂತಿವೆ.

1996ರಲ್ಲಿ ಮೇಲಿನವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದು, ಹೆಡ್‌ಮಾಸ್ತರರೇ ನಿಂತು ಸ್ವಿಚ್ಚು ಹಾಕಿಸಿದರು. ಎರಡು ನಿಮಿಷಕ್ಕೆ ಯಂತ್ರದ ಎಡಭಾಗದಿಂದ ದಟ್ಟ ಹೊಗೆ, ಕೊಳೆತ ಮೀನು ಸುಟ್ಟ ಹಾಗೆ ನಾತ. ಎಲ್ಲರೂ ಹೊರಗೆ ಓಡಿದೆವು. ಸುಟ್ಟುಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆದಾಯಿತು. ಆಮೇಲೆ ಗುಜರಿಗೆ ಹೋಯಿತು. ಬಹಳ ವರ್ಷದ ಮೇಲೆ ಆ ಕೋಣೆಗೆ ಬಿಸಿಯೂಟದ ಅಕ್ಕಿ ಮೂಟೆಗಳು ಬಂದವು, ಆ ಕೋಣೆಯಿಂದ ಮಕ್ಕಳಿಗೆ ಪ್ರಯೋಜನವಾದದ್ದು ಆಗಲೇ.

ಇದನ್ನು ನಾನು ಆ ಸಭೆಯಲ್ಲಿ ಹೇಳಿದೆ. ಹೊಗೆಯ ಮಾತು ಬಂದ ಕೂಡಲೇ ಮೂರು ಜನ ಒಟ್ಟಿಗೆ ನಕ್ಕರು, ನನ್ನನ್ನು ನೋಡಿ ಅಲ್ಲ, ಹಳೆಯ ಪರಿಚಿತರ ಹೆಸರು ಕೇಳಿದಂತೆ. ಬಹುಶಃ ಅದು ರೀಫಾ ಇರಬೇಕು ಎಂದರು. ಕರೆಂಟು ಒಳಬರುವ ಜಾಗದಲ್ಲಿ ಎರಡು ಕೆಪಾಸಿಟರ್ ಇರುತ್ತವೆ, ನಮ್ಮ ರೇಡಿಯೋ ರಿಪೇರಿಯವರು ಕಂಡೆನ್ಸರ್ ಎನ್ನುತ್ತಾರಲ್ಲ ಅದು. ರೀಫಾ ಎಂಬುದು ಅದರ ತಯಾರಕರ ಹೆಸರು. ಒಳಗೆ ಕಾಗದದ ಸುರುಳಿ, ಹೊರಗೆ ಅರೆಪಾರದರ್ಶಕ ಹೊದಿಕೆ. ವರ್ಷ ಕಳೆದಂತೆ ಹೊದಿಕೆ ಬಿರುಕು ಬಿಡುತ್ತದೆ, ಬಿರುಕಿನಿಂದ ಗಾಳಿಯ ತೇವ ಕಾಗದಕ್ಕೆ ಇಳಿಯುತ್ತದೆ, ಹಾಗೆ ತೇವ ಕುಡಿದು ಕೂತದ್ದು ಕರೆಂಟು ಬಂದ ಕೂಡಲೇ ಸಿಡಿದು ಹೊಗೆಯಾಗುತ್ತದೆ. ಇದು ಬರೀ ಕರೆಂಟಿನ ಗಲಾಟೆಯನ್ನು ಸೋಸುವ ಭಾಗವಾದ್ದರಿಂದ ಅದು ಸಿಡಿದ ಮೇಲೂ ಯಂತ್ರ ಸಾಮಾನ್ಯವಾಗಿ ಕೆಲಸ ಮಾಡುತ್ತದೆಯಂತೆ. ಎರಡು ಸಣ್ಣ ತುಂಡು ಬದಲಿಸಿದ್ದರೆ ಮುಗಿಯುತ್ತಿತ್ತು. ನಾವು ಗುಜರಿಗೆ ಹಾಕಿದ್ದು ಬದುಕಿದ್ದ ಯಂತ್ರವನ್ನು ಇರಬಹುದು. ಅದಕ್ಕೆ ತೇವ ಕುಡಿಸಿದ್ದು ಘಟ್ಟದ ಮೇಲಿನ ಮೂರು ಮಳೆಗಾಲ, ಹೂವಿನ ಕಸೂತಿಯ ಮುಸುಕು, ಮತ್ತು ನನ್ನ ಕೀಲಿಕೈ.

ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ಏನೂ ತಿಳಿಯದ ಮಗುವೊಂದು ಗುಂಡಿ ಒತ್ತಿದ್ದರೆ ಏನು ಹಾಳಾಗುತ್ತಿತ್ತು? ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ. ಏನೂ ಆಗುತ್ತಿರಲಿಲ್ಲ ಎಂದರು. ಆ ಯಂತ್ರ ನಡೆಯುವ ವಿಧಾನ, ಅದರ ಬೇಸಿಕ್ ಭಾಷೆ, ಎಲ್ಲ ಅಳಿಸಲು ಬಾರದ ಚಿಪ್ಪಿನೊಳಗೆ ಅಚ್ಚಾಗಿರುತ್ತದೆ. ಹೊರಗಿನಿಂದ ಏನು ಬೇಕಾದರೂ ಟೈಪು ಮಾಡಿ, ಎಷ್ಟು ಬೇಕಾದರೂ ತಪ್ಪು ಮಾಡಿ. ಸ್ವಿಚ್ಚು ತೆಗೆದು ಹಾಕಿದರೆ ಅದು ಮತ್ತೆ ಹುಟ್ಟಿದ ದಿನದ ಹಾಗೆ. ಮಕ್ಕಳ ತಪ್ಪಿಗೆಂದೇ ಕಟ್ಟಿದ ಯಂತ್ರ ಅದು. ಕೆಂಪು ಗುಂಡಿಗಳಿಗೆ ಇಂಥದೇ ಎಂಬ ಕೆಲಸವೇ ಇಲ್ಲವಂತೆ. ಯಾವ ಕೆಲಸ ಬೇಕೋ ಅದನ್ನು ಕೂತವರೇ ಅವಕ್ಕೆ ಹಂಚಿಕೊಡಬಹುದು, ಅದಕ್ಕೇ ಅವು ಬೇರೆ ಬಣ್ಣ. ಮೂವತ್ತು ವರ್ಷದ ಹಿಂದಿನ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು, ಕೇಳಿದವಳು ಎದುರಿಗಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಇವರ ಮಾತಿನ ಕೊರತೆಯನ್ನೂ ಹೇಳಬೇಕು. ನೆನಪಿನ ವಿಷಯ ಬಂದರೆ ಇವರೆಲ್ಲ ಒಂದೇ ಪ್ರಬಂಧವನ್ನು ಬರೆದುಕೊಂಡು ಬಂದ ಮಕ್ಕಳಂತೆ. 1983ರ ಸುಮಾರಿನ ಕ್ರಿಸ್‌ಮಸ್ಸು, ಡಬ್ಬ ಬಿಚ್ಚುವ ಅಪ್ಪ, ಮನೆಯ ಟೀವಿಗೆ ತಂತಿ ಸಿಕ್ಕಿಸುವುದು, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಇಳಿಯುವಾಗಿನ ಕಿರಿಚಾಟ, 1984ರಲ್ಲಿ ಬಂದ ‘ಎಲೀಟ್’ ಎಂಬ ಆಟದಲ್ಲಿ ಹೋದ ರಾತ್ರಿಗಳು. ಅಮ್ಮ ಬರುವುದು ಎರಡೇ ಕಡೆ, ಊಟಕ್ಕೆ ಕರೆಯುವಾಗ ಮತ್ತು ಮುಂದೊಂದು ದಿನ ಯಂತ್ರವನ್ನು ಅಟ್ಟಕ್ಕೆ ಹಾಕುವಾಗ. ಅಕ್ಕತಂಗಿಯರು ಆ ಮನೆಯಲ್ಲಿ ಇದ್ದರೋ ಇಲ್ಲವೋ. ಒಂದು ಮಾದರಿಯ ಬೆಲೆ 399 ಪೌಂಡಿಗೆ ಏರಿದ ಕಾಲ ಅದು, ಸಾಧಾರಣ ಸಂಬಳದ ಮನೆಗೆ ನಿಲುಕುವಂಥದ್ದಲ್ಲ. ಕೊಳ್ಳಲಾಗದವರ ಮಕ್ಕಳು ಇದನ್ನು ಕಂಡದ್ದು ಶಾಲೆಯಲ್ಲಿ, ತಳ್ಳುಗಾಡಿಯ ಮೇಲೆ ತರಗತಿಯಿಂದ ತರಗತಿಗೆ ಹೋಗುತ್ತಿದ್ದ ಒಂದೇ ಯಂತ್ರವಾಗಿ. ತಳ್ಳುಗಾಡಿಯ ನೆನಪು ಇವರಲ್ಲೂ ಇದೆ, ಆದರೆ ಸರದಿ ಬರದೆ ಹಿಂದಿನ ಬೆಂಚಿನಲ್ಲಿ ಉಳಿದವರು ಈ ಸಭಾಭವನಕ್ಕೆ ಬರುವುದಿಲ್ಲ. ಒಡೆಯರ ಮಾತು ಒಡೆಯರದ್ದೇ, ಅದನ್ನು ಆ ಕಾಲದ ಮಾತು ಎಂದು ಓದಬಾರದು.

ನಮ್ಮ ಘಟ್ಟದ ಮೇಲೂ ಇದೇ ಯಂತ್ರ ಇತ್ತು ಎಂದಾಗ ಅವರಿಗೆ ನಿಜವಾಗಿಯೂ ಕುತೂಹಲವಾಯಿತು. ಒಬ್ಬರು ಪುಸ್ತಕ ತೆಗೆದು ಬರೆದುಕೊಳ್ಳಲೂ ಸಿದ್ಧರಾದರು. ಪ್ರಶ್ನೆ ಏನು ಬಂತೆಂದರೆ, ಒಳಗಿನ ಬೋರ್ಡಿನ ಮೇಲೆ ಇಶ್ಯೂ ನಂಬರು ಎಷ್ಟಿತ್ತು? ಇಂಗ್ಲೆಂಡಿನಲ್ಲಿ ಕಟ್ಟಿದ್ದೋ ಮೊಹಾಲಿಯದೋ? ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ದೂರದ ನೆಂಟರಮನೆಯ ಸುದ್ದಿ ಕೇಳಿ, ಆ ಮನೆಯ ಹಂಚು ಯಾವ ಫ್ಯಾಕ್ಟರಿಯದು ಎಂದು ವಿಚಾರಿಸಿದ ಹಾಗಾಯಿತು.

ಆದರೂ ಇಂಥ ಹುಚ್ಚರಿಲ್ಲದೆ ಏನು ಕಳೆಯುತ್ತಿತ್ತು ಎಂಬುದಕ್ಕೆ ಒಂದು ಸಾಕ್ಷಿ ಇದೆ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಭೂಮಿ ಲೆಕ್ಕದ ದಫ್ತರಕ್ಕೆ ಡೂಮ್ಸ್‌ಡೇ ಎಂದು ಹೆಸರು. ಅದಕ್ಕೆ ಒಂಬೈನೂರು ವರ್ಷ ತುಂಬಿದ 1986ರಲ್ಲಿ ಬಿಬಿಸಿಯವರು ಹೊಸದೊಂದು ಡೂಮ್ಸ್‌ಡೇ ಮಾಡಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಶಾಲೆಯ ಮಕ್ಕಳು, ತಮ್ಮೂರಿನ ಅಂಗಡಿ, ಊಟ, ಆಟ ಎಲ್ಲ ಬರೆದು ಕಳಿಸಿದರು. ಅದನ್ನು ದೊಡ್ಡ ಲೇಸರ್ ತಟ್ಟೆಗಳಿಗೆ ಹಾಕಿ, ಇದೇ ಯಂತ್ರದ ತಮ್ಮನಾದ ಬಿಬಿಸಿ ಮಾಸ್ಟರಿನಲ್ಲಿ ಓದುವ ಏರ್ಪಾಟು ಮಾಡಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆ ಓದುವ ಯಂತ್ರಗಳೇ ಅಪರೂಪವಾದವು. ರಾಜನ ಚರ್ಮದ ಪುಸ್ತಕವನ್ನು ಈಗಲೂ ತೆರೆದು ಓದಬಹುದು, ಮಕ್ಕಳು ಬರೆದದ್ದು ತಟ್ಟೆಯೊಳಗೆ ಸಿಕ್ಕಿಬಿತ್ತು. 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಅದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಹಳೆಯ ಯಂತ್ರದ ಒಳಹೊರಗು ಬಲ್ಲವರು ಎಲ್ಲೋ ಉಳಿದಿದ್ದರೆ ತಾನೇ ಇಂಥದ್ದು ಸಾಧ್ಯ. ಇಶ್ಯೂ ನಂಬರು ಕೇಳಿದ ಮನುಷ್ಯನ ಮೇಲಿನ ನನ್ನ ಸಿಟ್ಟು ಇದನ್ನು ನೆನೆದಾಗ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ.

ಸಭೆ ಮುಗಿಯುವ ಹೊತ್ತಿಗೆ, ಅಲ್ಲಿದ್ದ ಮೂರೋ ನಾಲ್ಕೋ ಹೆಂಗಸರಲ್ಲಿ ಒಬ್ಬರು ಪಕ್ಕಕ್ಕೆ ಬಂದು ಕೂತು ಕೇಳಿದರು, ನಿಮ್ಮ ಮಕ್ಕಳು ಅದರಲ್ಲಿ ಏನು ಬರೆಯುತ್ತಿದ್ದರು? ಇಡೀ ದಿನ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಬಂದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಏನೂ ಬರೆಯುತ್ತಿರಲಿಲ್ಲ ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಪಕ್ಕದ ಯಂತ್ರವನ್ನು ನನ್ನ ಕಡೆಗೆ ತಿರುಗಿಸಿದರು.

ಕನ್ನಡ ಬರುವುದಿಲ್ಲವಲ್ಲ ಅದರಲ್ಲಿ ಎಂದೆ. ಬರಿಸಬಹುದು ಎಂದರು. ಒಂದು ಅಕ್ಷರಕ್ಕೆ ಎಂಟು ಅಡ್ಡ ಸಾಲು, ಸಾಲಿಗೆ ಎಂಟು ಮನೆ. ಎಡದ ಮನೆಯ ಬೆಲೆ 128, ಆಮೇಲೆ ಅರ್ಧರ್ಧವಾಗುತ್ತ ಕೊನೆಯದು 1. ತುಂಬಿದ ಮನೆಗಳನ್ನು ಕೂಡಿದರೆ ಆ ಸಾಲಿನ ಸಂಖ್ಯೆ. ಎರಡು ತುದಿ ಮಾತ್ರ ತುಂಬಿದರೆ 129. ಹೀಗೆ ಎಂಟು ಸಂಖ್ಯೆಯನ್ನು ಯಂತ್ರಕ್ಕೆ ಹೇಳಿದರೆ ಅದು ನಮ್ಮ ಅಕ್ಷರವನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಚೌಕಳಿ ಹಾಳೆ ಕೊಟ್ಟರು. ಎಂಟಕ್ಕೆಂಟು ಚುಕ್ಕಿ ಇಟ್ಟು ರಂಗೋಲಿ ಹಾಕಿದ ಕೈಗೆ ಇದೇನು ಕಷ್ಟ? ‘ಠ’ ಬರೆದೆ, ಅದು ದುಂಡಗೆ, ನಡುವೆ ಒಂದು ಚುಕ್ಕಿ, ಎಂಟು ಮನೆಯಲ್ಲಿ ಹಿಡಿಸುತ್ತದೆ. ಕೂಡುವಾಗ ಒಂದು ಸಾಲು ತಪ್ಪಿ ಮೊದಲ ಸಲ ಅದು ಒಂದು ಕಣ್ಣು ಮುಚ್ಚಿದ ಹಾಗೆ ಬಂತು. ತಿದ್ದಿದೆ. ಕಪ್ಪು ಪರದೆಯ ಮೇಲೆ ಬೆಳ್ಳಗೆ ‘ಠ’ ಬಂದು ಕೂತಿತು. ಅಕ್ಕನ ಮಗ ಬಂದು ನೋಡಿ ‘ಇಷ್ಟು ವರ್ಷದಲ್ಲಿ ನಂಗೆ ಇದು ಹೊಳೀಲೇ ಇಲ್ಲ ಚಿಕ್ಕಿ’ ಎಂದ.

ಹೊರಡುವಾಗ ಸ್ವಿಚ್ಚು ತೆಗೆಯಬೇಕಾಯಿತು. ಅಕ್ಷರ ಹೋಯಿತು. ಯಾಕೋ ಇನ್ನೊಮ್ಮೆ ಹಾಕಿ ನೋಡಿದೆ. ದಪ್ಪಗೊಂದು, ಸಣ್ಣಗೊಂದು ಸ್ವರ ಬಂತು, ಯಾರೂ ಇನ್ನೂ ಮುಟ್ಟಿಯೇ ಇಲ್ಲವೆಂಬಂತೆ ಯಂತ್ರ ತನ್ನ ಹೆಸರು ಬರೆದು ಕಾಯುತ್ತ ಕೂತಿತು.